ತಾಯಿಯನ್ನು ಕಲಿಯುವ ಗಂಟೆಗಳು

ನಿಲ್ಲುವುದು, ಓಡುವುದು, ಕಾಳಿಗೆ ಕೊಕ್ಕು ಹಾಕುವುದು, ಇವನ್ನೆಲ್ಲ ಕೋಳಿಮರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಯಾರ ಹಿಂದೆ ಓಡಬೇಕು ಎಂಬುದನ್ನು ಮಾತ್ರ ಅದು ಕಣ್ಣಾರೆ ಕಂಡೇ ಕಲಿಯಬೇಕು. ಹೀಗೆ ಮೊದಲು ಕಂಡ ಚಲಿಸುವ ರೂಪವೊಂದು ಮರಿಯ ಮನಸ್ಸಿನಲ್ಲಿ ಕೂತುಬಿಡುವುದನ್ನು ಅಚ್ಚೊತ್ತುವಿಕೆ ಎನ್ನುತ್ತಾರೆ. ಇದಕ್ಕೆ ಸಿಗುವ ಸಮಯ ಎರಡು ಮೂರು ದಿನ, ಅಷ್ಟೆ. ಆ ಅವಧಿಯನ್ನು ತೆರೆಯುವುದು ಯಾವುದು, ಮುಚ್ಚುವುದು ಯಾವುದು? ಬಹಳ ಕಾಲ ಇದಕ್ಕೆ ಸಿಕ್ಕ ಉತ್ತರ 'ವಯಸ್ಸು'. ವಯಸ್ಸು ಎಂದರೆ ಬರೀ ಗಂಟೆಗಳ ಎಣಿಕೆ. ಅದು ತಾನಾಗಿ ಏನನ್ನೂ ಮಾಡಲಾರದು. ಕೆಲಸ ಮಾಡುವುದು ಮರಿಯ ರಕ್ತದಲ್ಲಿ ಹರಿಯುವ ಹಾರ್ಮೋನುಗಳು ಎಂಬ ತಿಳಿವಳಿಕೆ ಗಟ್ಟಿಯಾಗಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಕತೆ ಶುರುವಾಗುವುದು ಡಗ್ಲಸ್ ಸ್ಪಾಲ್ಡಿಂಗ್ ಅವರಿಂದ. ಬ್ರಿಟನ್ನಿನಲ್ಲಿ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರ ಅಣ್ಣನಿಗೆ ಮನೆಪಾಠ ಹೇಳುತ್ತಿದ್ದ ಈ ವ್ಯಕ್ತಿ 1873ರಲ್ಲಿ ಮ್ಯಾಕ್‌ಮಿಲನ್ಸ್ ಮ್ಯಾಗಜೀನ್‌ನಲ್ಲಿ ಸಹಜಪ್ರವೃತ್ತಿಯ ಬಗ್ಗೆ ಒಂದು ಲೇಖನ ಬರೆದರು. ಮರಿ ಇನ್ನೂ ಚಿಪ್ಪಿನೊಳಗಿರುವಾಗಲೇ ಅದರ ತಲೆಗೆ ಪುಟ್ಟ ಬಟ್ಟೆಯ ಕುಲಾವಿ ಹಾಕಿ, ಬೆಳಕೇ ಕಾಣದಂತೆ ಇಟ್ಟು, ಬೇರೆ ಬೇರೆ ದಿನ ಕುಲಾವಿ ತೆಗೆದು ಏನಾಗುತ್ತದೆಂದು ನೋಡುತ್ತಿದ್ದರು. ಮೊದಲೆರಡು ಮೂರು ದಿನಗಳಲ್ಲಿ ಕಣ್ಣು ಬಿಟ್ಟ ಮರಿಗಳು ಎದುರಿಗೆ ನಡೆದಾಡುವ ಯಾವುದನ್ನಾದರೂ ಹಿಂಬಾಲಿಸಿದವು. ಸುಮಾರು ನಾಲ್ಕು ದಿನ ಕುಲಾವಿಯಲ್ಲೇ ಉಳಿದಿದ್ದ ಮೂರು ಮರಿಗಳು ಮಾತ್ರ ಅವರನ್ನು ಕಂಡದ್ದೇ ಹೆದರಿ ದಿಕ್ಕಾಪಾಲಾಗಿ ಓಡಿದವು. ಹಿಂದಿನ ದಿನವೇ ಕುಲಾವಿ ತೆಗೆದಿದ್ದರೆ ಅವೂ ತಮ್ಮ ಬಳಿಗೇ ಬರುತ್ತಿದ್ದವು ಎಂದು ಸ್ಪಾಲ್ಡಿಂಗ್ ಬರೆದರು. ಒಂದೇ ದಿನದ ಅಂತರದಲ್ಲಿ ಒಲವು ಭಯವಾಗಿ ತಿರುಗಿತ್ತು. ಆ ನಡುವೆ ಮರಿ ಹೊರಗಿನ ಯಾವ ಅನುಭವವನ್ನೂ ಪಡೆದಿರಲಿಲ್ಲ. ಅಂದರೆ ಬದಲಾವಣೆ ಆದದ್ದು ಮರಿಯ ಒಳಗೆ. ಈ ಸಂಶೋಧನೆಯ ಬೀಜವೆಲ್ಲ ಈ ಒಂದು ಗಮನಿಕೆಯಲ್ಲಿದೆ ಎಂದೇ ನನ್ನ ನಂಬಿಕೆ. 1877ರಲ್ಲಿ ಸ್ಪಾಲ್ಡಿಂಗ್ ತೀರಿಕೊಂಡರು, ಲೇಖನ ಮರೆತುಹೋಯಿತು. ಅದನ್ನು 1954ರಲ್ಲಿ ಮತ್ತೆ ಅಚ್ಚಿಗೆ ತಂದವರು ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. ಮೂರು ವರ್ಷಗಳ ನಂತರ ಭಾರತಕ್ಕೆ ಬಂದು ಇಲ್ಲಿಯೇ ನೆಲೆಸಿದ ಅದೇ ಹಾಲ್ಡೇನ್.

ಈ ನಡುವೆ ಜರ್ಮನ್ ಮಾತಾಡುವ ನಾಡುಗಳಲ್ಲಿ ಆಸ್ಕರ್ ಹೈನ್‌ರೋತ್, ಅವರ ನಂತರ ಕೊನ್ರಾಡ್ ಲೊರೆಂಜ್ ಹೆಬ್ಬಾತುಗಳಲ್ಲಿ ಇದನ್ನೇ ಕಂಡರು. ಲೊರೆಂಜ್ 1935ರಲ್ಲಿ ಬರೆದ ದೀರ್ಘ ಪ್ರಬಂಧ ಅಚ್ಚೊತ್ತುವಿಕೆಯನ್ನು ಲೋಕಪ್ರಸಿದ್ಧಗೊಳಿಸಿತು; 1973ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು. ಬಿಳಿಗಡ್ಡದ ಮನುಷ್ಯನ ಹಿಂದೆ ಸಾಲಾಗಿ ನಡೆಯುವ ಹೆಬ್ಬಾತಿನ ಮರಿಗಳ ಚಿತ್ರ ಪಠ್ಯಪುಸ್ತಕಗಳಿಗೆಲ್ಲ ಬಂತು. ಇದು ಉಳಿದ ಕಲಿಕೆಯಂತಲ್ಲ, ಒಮ್ಮೆ ಆಯಿತೆಂದರೆ ಅಳಿಸಲಾಗದು, ಅವಧಿ ಮುಗಿದರೆ ಮುಗಿಯಿತು ಎಂಬುದು ಅವರ ವಾದ. ಈ ಮಾತು ಅತಿಯಾಯಿತು. ಆದರೆ ಆ ಅತಿಯೇ ಮುಂದಿನವರನ್ನು ಪ್ರಯೋಗಶಾಲೆಗೆ ಎಳೆಯಿತು.

ಶಿಕಾಗೊ ವಿಶ್ವವಿದ್ಯಾಲಯದ ಎಕ್‌ಹಾರ್ಡ್ ಹೆಸ್ 1950ರ ದಶಕದಲ್ಲಿ ವೃತ್ತಾಕಾರದ ಓಣಿಯೊಂದನ್ನು ಕಟ್ಟಿ, ಅದರಲ್ಲಿ ಸುತ್ತುವ ಬೊಂಬೆ ಬಾತಿನ ಹಿಂದೆ ಮ್ಯಾಲರ್ಡ್ ಬಾತುಮರಿಗಳನ್ನು ಬಿಟ್ಟರು. ಮೊಟ್ಟೆಯೊಡೆದು 13ರಿಂದ 16 ಗಂಟೆಯಾದ ಮರಿಗಳಲ್ಲಿ ಅಚ್ಚು ಅತ್ಯಂತ ಗಾಢವಾಗಿ ಬಿತ್ತು. ಅವಧಿಗೆ ಈಗ ಅಳತೆ ಸಿಕ್ಕಿತು, ಕಾರಣ ಸಿಗಲಿಲ್ಲ. ಕಾರಣ ಹುಡುಕಬೇಕಾದರೆ ಮೊದಲು ಮಿದುಳಿನಲ್ಲಿ ಜಾಗ ಗೊತ್ತಾಗಬೇಕಿತ್ತು. ಅದನ್ನು ಗುರುತಿಸಿದ್ದು ಕೇಂಬ್ರಿಜ್‌ನ ಗೇಬ್ರಿಯಲ್ ಹಾರ್ನ್, ಪ್ಯಾಟ್ರಿಕ್ ಬೇಟ್ಸನ್, ಬ್ರಯನ್ ಮೆಕೇಬ್ ಮೊದಲಾದವರ ತಂಡ. ಮುಮ್ಮಿದುಳಿನ ಒಂದು ಪುಟ್ಟ ಭಾಗ ಹಾಳಾದರೆ ಮರಿ ಅಚ್ಚು ಉಳಿಸಿಕೊಳ್ಳದು ಎಂದು ಅವರು ತೋರಿಸಿದರು.

ಹಾರ್ಮೋನು ನಿಜವಾಗಿ ರಂಗಕ್ಕೆ ಬಂದದ್ದು ಇದೇ ಹೊತ್ತಿಗೆ, ಮೊದಲು ಅಡ್ಡಿಯ ರೂಪದಲ್ಲಿ. ಒತ್ತಡಕ್ಕೆ ಸಿಕ್ಕ ಬಾತುಮರಿಗಳ ರಕ್ತದಲ್ಲಿ ಅಡ್ರಿನಲ್ ಗ್ರಂಥಿಯ ಕಾರ್ಟಿಕೋಸ್ಟೆರೋನ್ ಏರಿದಾಗ ಅಚ್ಚೊತ್ತುವಿಕೆ ನಡೆಯುವುದಿಲ್ಲ ಎಂದು 1976ರಲ್ಲಿ ಲಾಂಡ್ಸ್‌ಬರ್ಗ್ ಮತ್ತು ವೈಸ್ ವರದಿ ಮಾಡಿದರು. ಹಾಗಾದರೆ ಒತ್ತಡದ ಹಾರ್ಮೋನು ಕಲಿಕೆಯ ಶತ್ರುವೇ? ಅಷ್ಟು ಸರಳವಲ್ಲ. ಕಾರ್ಮೆನ್ ಸಾಂಡಿ ಮತ್ತು ಸ್ಟೀವನ್ ರೋಸ್ 1990ರ ದಶಕದಲ್ಲಿ ಒಂದು ದಿನದ ಕೋಳಿಮರಿಗಳಿಗೆ ಕಹಿ ಸವರಿದ ಮಣಿಯನ್ನು ಕುಕ್ಕಲು ಕೊಟ್ಟರು. ಕಹಿ ತೀರಾ ತೆಳುವಾಗಿದ್ದರೆ ಮರಿ ಬೇಗ ಮರೆಯುತ್ತದೆ. ಹದವಾದ ಪ್ರಮಾಣದಲ್ಲಿ ಕಾರ್ಟಿಕೋಸ್ಟೆರೋನ್ ಕೊಟ್ಟಾಗ ಅದೇ ದುರ್ಬಲ ನೆನಪು ಉಳಿದುಕೊಂಡಿತು. ಪ್ರಮಾಣ ಹೆಚ್ಚಿಸಿದಾಗ ಲಾಭವೂ ಹೋಯಿತು. ಅಚ್ಚೊತ್ತುವಿಕೆ ಮತ್ತು ಕಹಿಯ ನೆನಪು ಬೇರೆ ಬೇರೆ ಬಗೆಯ ಕಲಿಕೆಗಳು ನಿಜ. ಆದರೂ ಒಂದೇ ಹಾರ್ಮೋನು ಹದ ನೋಡಿಕೊಂಡು ನೆರವೂ ಆಗುತ್ತದೆ, ತೊಡಕೂ ಆಗುತ್ತದೆ ಎಂಬುದನ್ನು ಒಪ್ಪದೆ ಈ ಕ್ಷೇತ್ರದ ಒಂದು ಪುಟವನ್ನೂ ಓದಲಾಗದು.

ಟೆಸ್ಟೋಸ್ಟೆರೋನ್‌ನ ಪಾತ್ರ ಇದಕ್ಕಿಂತ ವಿಚಿತ್ರ. 1986ರಲ್ಲಿ ಯೋಹಾನ್ ಬೋಲ್‌ಹೌಸ್, ಮೆಕೇಬ್, ಹಾರ್ನ್ ಕೆಲವು ಮರಿಗಳನ್ನು ಕೆಂಪು ಪೆಟ್ಟಿಗೆಗೂ ಕೆಲವನ್ನು ಹುಲ್ಲು ತುಂಬಿದ ಕಾಡುಕೋಳಿಗೂ ಒಗ್ಗಿಸಿದರು. ಟೆಸ್ಟೋಸ್ಟೆರೋನ್ ಪಡೆದ ಮರಿಗಳಲ್ಲಿ ಕಾಡುಕೋಳಿಯ ಮೇಲಿನ ಒಲವು ಹೆಚ್ಚಿತು. ಪೆಟ್ಟಿಗೆಯ ಮೇಲಿನದು ಹೆಚ್ಚಲಿಲ್ಲ. ಅದಕ್ಕೂ ಮೊದಲು ಅದೇ ತಂಡ ನಾರ್ ಅಡ್ರಿನಲಿನ್ ಬರಿದು ಮಾಡುವ ಔಷಧ ಕೊಟ್ಟು ನೋಡಿದಾಗ ಪೆಟ್ಟಿಗೆಯ ಕಲಿಕೆ ಕೆಟ್ಟಿತ್ತು, ಕೋಳಿಯದು ಕೆಟ್ಟಿರಲಿಲ್ಲ. ಇದರ ಅರ್ಥ ದೊಡ್ಡದು. ಮರಿಯ ಮಿದುಳು ಬರಿಯ ಹಲಗೆಯಲ್ಲ. ತಲೆ, ಕುತ್ತಿಗೆ ಇರುವ ಕೋಳಿಯಂಥ ರೂಪದತ್ತ ಹುಟ್ಟಿನಿಂದಲೇ ಒಂದು ಒಲವು ಇದೆ. ನಿರ್ದಿಷ್ಟ ವಸ್ತುವನ್ನು ಕಲಿಯುವ ವ್ಯವಸ್ಥೆ ಬೇರೆಯೇ ಇದೆ. ಎರಡನ್ನೂ ತಟ್ಟುವ ರಸಗಳು ಬೇರೆ ಬೇರೆ. ಲೊರೆಂಜ್ ಒಂದೇ ಎಂದುಕೊಂಡದ್ದು ಎರಡಾಗಿ ಬಿಡಿಸಿಕೊಂಡಿತು.

ಹಾಡುಹಕ್ಕಿಗಳ ಸಂಶೋಧನೆ ಸಮಾನಾಂತರವಾಗಿ ಸಾಗಿತ್ತು. ಚಾಫಿಂಚ್ ಗಂಡು ಮೊದಲ ವರ್ಷದಲ್ಲಿ ಹಾಡು ಕಲಿಯುತ್ತದೆ, ಒಮ್ಮೆ ಹಾಡು ಗಟ್ಟಿಯಾದ ಮೇಲೆ ಹೊಸದನ್ನು ಕಲಿಯದು. 1969ರಲ್ಲಿ ಫರ್ನಾಂಡೊ ನೊಟೆಬೋಮ್ ಪ್ರಕಟಿಸಿದ ವರದಿಯಲ್ಲಿ, ಹಾಡು ಗಟ್ಟಿಯಾಗುವ ಮೊದಲೇ ವೃಷಣ ತೆಗೆದಿದ್ದ ಒಂದು ಹಕ್ಕಿ, ಎರಡು ವರ್ಷದ ಪ್ರಾಯದಲ್ಲಿ ಟೆಸ್ಟೋಸ್ಟೆರೋನ್ ಪಡೆದು, ಕೇಳಿಸಿದ ಹಾಡುಗಳನ್ನು ಅನುಕರಿಸಿತು. ಒಂದೇ ಹಕ್ಕಿ, ಆದರೂ ಅದು ಹೇಳಿದ್ದು ಸ್ಪಷ್ಟ: ಅವಧಿ ಮುಗಿಯುವುದು ದಿನ ಕಳೆದದ್ದರಿಂದಲ್ಲ. ಪೀಟರ್ ಮಾರ್ಲರ್ ಮತ್ತು ಸಂಗಡಿಗರು 1988ರಲ್ಲಿ ಗುಬ್ಬಿಯಂಥ ಅಮೆರಿಕನ್ ಹಕ್ಕಿಗಳಲ್ಲಿ ಇದನ್ನು ಇನ್ನಷ್ಟು ಬಿಡಿಸಿದರು. ವೃಷಣವಿಲ್ಲದ ಹಕ್ಕಿಗಳು ಹಾಡನ್ನು ಕೇಳಿ ನೆನಪಿಟ್ಟುಕೊಂಡವು, ತೊದಲುತ್ತ ಅಭ್ಯಾಸವನ್ನೂ ಮಾಡಿದವು. ಆದರೆ ಹಾಡು ಕೊನೆಯ ರೂಪ ಪಡೆದದ್ದು ಟೆಸ್ಟೋಸ್ಟೆರೋನ್ ಕೊಟ್ಟ ಮೇಲೆಯೇ. ಹೀಗೆ ನೆನಪಿಡಲು ಬೇಕಾದ ಸ್ಥಿತಿ ಬೇರೆ, ಕಲಿತದ್ದನ್ನು ಗಟ್ಟಿಮಾಡುವ ಸ್ಥಿತಿ ಬೇರೆ ಎಂದಾಯಿತು.

ಮರಿಯ ಹಾರ್ಮೋನುಗಳೆಲ್ಲ ಮರಿಯವೇ ಆಗಿರಬೇಕಿಲ್ಲ. ತಾಯಿ ಕ್ಯಾನರಿ ಮೊಟ್ಟೆಯ ಹಳದಿ ಭಾಗದಲ್ಲಿ ಟೆಸ್ಟೋಸ್ಟೆರೋನ್ ತುಂಬಿಡುತ್ತದೆ, ಮೊದಲ ಮೊಟ್ಟೆಗಿಂತ ಕೊನೆಯದರಲ್ಲಿ ಹೆಚ್ಚು ಎಂದು 1993ರಲ್ಲಿ ಹ್ಯೂಬರ್ಟ್ ಶ್ವಾಬಲ್ ತೋರಿಸಿದರು. ಆಸ್ಟ್ರೇಲಿಯದ ಲೆಸ್ಲಿ ರಾಜರ್ಸ್ ಅವರ ಕೆಲಸವನ್ನೂ ಇಲ್ಲಿ ನೆನೆಯಬೇಕು. ಕೊನೆಯ ದಿನಗಳಲ್ಲಿ ಕೋಳಿಯ ಭ್ರೂಣ ಮೊಟ್ಟೆಯೊಳಗೆ ಮಡಚಿಕೊಂಡಿರುವಾಗ ಎಡಗಣ್ಣು ಮೈಗೆ ಒತ್ತಿ ಮುಚ್ಚಿರುತ್ತದೆ, ಬಲಗಣ್ಣಿಗೆ ಚಿಪ್ಪಿನ ಮೂಲಕ ಬೆಳಕು ತಾಗುತ್ತದೆ. ಮಿದುಳಿನ ಎಡಬಲ ಪಕ್ಕಗಳ ದೃಷ್ಟಿಮಾರ್ಗಗಳು ಬೇರೆ ಬೇರೆಯಾಗಿ ಬೆಳೆಯುವುದು ಹೀಗೆ. ಆ ಹೊತ್ತಿನಲ್ಲಿ ಮೊಟ್ಟೆಯೊಳಗೆ ಟೆಸ್ಟೋಸ್ಟೆರೋನ್, ಈಸ್ಟ್ರೊಜೆನ್ ಅಥವಾ ಕಾರ್ಟಿಕೋಸ್ಟೆರೋನ್ ಏರಿಸಿದರೆ ಆ ವ್ಯತ್ಯಾಸ ಕುಗ್ಗುತ್ತದೆ.

ಅವಧಿಯನ್ನು ತೆರೆಯುವುದು ಯಾವುದು ಎಂಬ ಮೊದಲಿನ ಪ್ರಶ್ನೆಗೆ ನೇರ ಉತ್ತರ ಬಂದದ್ದು ಜಪಾನಿನಿಂದ, 2012ರಲ್ಲಿ. ಶಿಂಜಿ ಯಮಾಗುಚಿ, ಕೋಯಿಚಿ ಹೊಮ್ಮಾ, ತೊಶಿಯಾ ಮತ್ಸುಶಿಮಾ ಮತ್ತು ಸಂಗಡಿಗರು ಬೆರಳು ತೋರಿಸಿದ್ದು ಥೈರಾಯ್ಡ್ ಕಡೆಗೆ. ಥೈರಾಯ್ಡ್ ಗ್ರಂಥಿ ಹೆಚ್ಚಾಗಿ ಬಿಡುವುದು ನಾಲ್ಕು ಅಯೋಡಿನ್ ಪರಮಾಣುಗಳ ಥೈರಾಕ್ಸಿನ್. ಒಂದು ಪರಮಾಣು ಕಳಚಿದರೆ ಹೆಚ್ಚು ಚುರುಕಾದ ಟಿ3 ಆಗುತ್ತದೆ. ಮರಿ ಚಲಿಸುವ ವಸ್ತುವನ್ನು ನೋಡುತ್ತ ಹಿಂಬಾಲಿಸುವಾಗ ಮಿದುಳಿನ ರಕ್ತನಾಳಗಳ ಒಳಪದರದಲ್ಲಿರುವ ಕಿಣ್ವವೊಂದು ಥೈರಾಕ್ಸಿನ್ನನ್ನು ಟಿ3 ಆಗಿ ಬದಲಿಸುತ್ತದೆ, ಟಿ3 ಬೇಗಬೇಗ ಮಿದುಳಿಗೆ ಇಳಿಯುತ್ತದೆ. ಹಾಗೆ ಇಳಿದ ಟಿ3 ಸೂಕ್ಷ್ಮ ಅವಧಿಯನ್ನು ಆರಂಭಿಸಿ ಒಂದು ವಾರಕ್ಕೂ ಮೀರಿ ಹಿಗ್ಗಿಸುತ್ತದೆ, ನಂತರದ ಬೇರೆ ಕಲಿಕೆಗೂ ಮಿದುಳನ್ನು ಅಣಿಗೊಳಿಸುತ್ತದೆ. ಇನ್ನೂ ಬೆರಗಿನ ಸಂಗತಿ, ಏನನ್ನೂ ಕಲಿಯದೆ ಅವಧಿ ಮುಗಿಸಿಕೊಂಡ ಮರಿಗೆ ಹೊರಗಿನಿಂದ ಟಿ3 ಕೊಟ್ಟರೆ ಅದು ಆಗಲೂ ಅಚ್ಚೊತ್ತಿಸಿಕೊಳ್ಳಬಲ್ಲುದು. ಸ್ಪಾಲ್ಡಿಂಗ್ ಅವರ ನಾಲ್ಕನೇ ದಿನದ ಮರಿಗಳಿಗೆ ಕೂಡ ದಾರಿ ಪೂರ್ತಿ ಮುಚ್ಚಿರಲಿಲ್ಲ ಎಂದಾಯಿತು.

ಈ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಕಾರಣ ಮತ್ತು ಪರಿಣಾಮಗಳ ಸುತ್ತು. ಹಾರ್ಮೋನು ಬಂದು ಕಲಿಕೆ ಶುರುವಾಗುತ್ತದೆ ಎನ್ನುವುದು ಅರ್ಧ ಮಾತು. ಕಲಿಯಲು ತೊಡಗಿದ್ದರಿಂದಲೇ ಹಾರ್ಮೋನು ಮಿದುಳಿಗೆ ಬರುತ್ತದೆ, ಬಂದದ್ದು ಮುಂದಿನ ಕಲಿಕೆಗೆ ದಾರಿ ಬಿಡುತ್ತದೆ. ಸಹಜವೋ ಕಲಿತದ್ದೋ ಎಂದು ಲೊರೆಂಜ್ ಕಾಲದಲ್ಲಿ ನಡೆದ ಜಗಳಕ್ಕೆ ಇಲ್ಲಿ ನಿಲ್ಲಲು ನೆಲವೇ ಇಲ್ಲ.

ಇಟಲಿಯ ತ್ರೆಂತೊದಲ್ಲಿ ಜಾರ್ಜೊ ವಲ್ಲೊರ್ತಿಗಾರ ಅವರ ಬಳಗ ಇದನ್ನು ಮುಂದುವರಿಸಿದೆ. ತಾನಾಗಿ ವೇಗ ಬದಲಿಸುವ ವಸ್ತುವಿನತ್ತ, ಅಂದರೆ ಜೀವವಿರುವಂತೆ ಚಲಿಸುವುದರತ್ತ, ಎಳೆಯ ಮರಿಗೆ ಹುಟ್ಟಿನಿಂದಲೇ ಸೆಳೆತವಿದೆ. ಎರಡು ದಿನಗಳಲ್ಲಿ ಅದು ಮಾಸುತ್ತದೆ. ಎಲೆನಾ ಲೊರೆಂಜಿ ಮತ್ತು ಸಂಗಡಿಗರು 2021ರಲ್ಲಿ ತಿಳಿಸಿದಂತೆ, ಟಿ3 ಕೊಟ್ಟ ಹೆಣ್ಣುಮರಿಗಳಲ್ಲಿ ಆ ಸೆಳೆತ ಮರುಕಳಿಸಿತು. ಮೊದಲ ದಿನವೇ ಟಿ3ಯನ್ನು ತಡೆದ ಮರಿಗಳಲ್ಲಿ ಅದು ಕಾಣಲೇ ಇಲ್ಲ. ಕೇಂಬ್ರಿಜ್‌ನವರು ಬೇರ್ಪಡಿಸಿದ್ದ ಹುಟ್ಟುಒಲವು ಮತ್ತು ಕಲಿಕೆ ಇಲ್ಲಿ ಒಂದೇ ಹಾರ್ಮೋನಿನ ಕೈಯಲ್ಲಿ ಮತ್ತೆ ಹತ್ತಿರ ಬಂದಿವೆ.

ಇದು ಎಲ್ಲ ಹಕ್ಕಿಗಳಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ. ಕೋಳಿ, ಬಾತುಗಳಂತೆ ಹುಟ್ಟಿದೊಡನೆ ಓಡುವ ಮರಿಗಳಲ್ಲಿ ಥೈರಾಯ್ಡ್ ಹಾರ್ಮೋನು ಮೊಟ್ಟೆಯೊಡೆಯುವ ಆಸುಪಾಸಿನಲ್ಲೇ ಶಿಖರ ಮುಟ್ಟುತ್ತದೆ. ಕಣ್ಣು ಮುಚ್ಚಿ, ಮೈಮೇಲೆ ಗರಿಯಿಲ್ಲದೆ ಗೂಡಿನಲ್ಲಿ ಬೀಳುವ ಮರಿಗಳಲ್ಲಿ ಅದು ಹುಟ್ಟಿದ ಮೇಲೆ ನಿಧಾನವಾಗಿ ಏರುತ್ತದೆ. ಯಾವ ಮರಿ ಯಾವಾಗ ಏನನ್ನು ಕಲಿಯುತ್ತದೆ ಎಂಬುದು ಆಯಾ ಜಾತಿಯ ಬಾಳುವೆಗೆ ತಕ್ಕಂತೆ ಬದಲಾಗುತ್ತದೆ.

ಈ ಎಳೆಯ ದಿನಗಳ ಬೆಲೆ ಪ್ರಯೋಗಶಾಲೆಯ ಹೊರಗೂ ತಿಳಿಯುತ್ತಿದೆ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ ಹಕ್ಕಿಯ ಮರಿಯೂ ಹುಟ್ಟಿದೊಡನೆ ತಾಯಿಯ ಬೆನ್ನು ಹಿಡಿಯುವಂಥದ್ದು. ಅದರ ಸಂತತಿ ಉಳಿಸಲು 2019ರಿಂದ ರಾಜಸ್ಥಾನದ ಜೈಸಲ್ಮೇರ್‌ನಲ್ಲಿ ಕಾಡಿನ ಮೊಟ್ಟೆ ತಂದು ಮರಿ ಮಾಡಿಸುತ್ತಿದ್ದಾರೆ. ಕೈತುತ್ತು ತಿಂದು ಬೆಳೆದ ಆ ಹಕ್ಕಿಗಳ ಮನಸ್ಸಿನಲ್ಲಿ ಅಚ್ಚಾಗಿರುವುದು ಮನುಷ್ಯರು. ಹಾಗಾಗಿ ಬಯಲಿಗೆ ಬಿಡಬೇಕಾದದ್ದು ಅವುಗಳನ್ನಲ್ಲ, ಮನುಷ್ಯರ ಮುಖ ಕಾಣದಂತೆ ಬೆಳೆಸಿದ ಅವುಗಳ ಮುಂದಿನ ಪೀಳಿಗೆಯನ್ನು.