ಮೂಡುಬಿದಿರೆಯ ಪರಂಪರೆ ಸಂರಕ್ಷಣಾ ಯೋಜನೆ

ಪರಂಪರೆ ಸಂರಕ್ಷಣಾ ಯೋಜನೆ ಎಂದರೆ ಸ್ಮಾರಕ, ಬೀದಿ, ಕೆರೆ, ಗುಡ್ಡಗಳನ್ನು ಒಟ್ಟಾಗಿ ಕಾಪಾಡುವ ನಗರ ಯೋಜನೆ. ಇದರ ಅಗತ್ಯ ಎದ್ದು ಕಾಣುವುದು ಮೂಡುಬಿದಿರೆಯಲ್ಲಿ. 1430ರ ಸಾವಿರ ಕಂಬದ ಬಸದಿ, ಧವಲ ಗ್ರಂಥಗಳ ತಾಳೆಗರಿಗಳಿಂದ ಹೆಸರಾದ ಗುರು ಬಸದಿ ಸೇರಿ ಇಲ್ಲಿ 18 ಬಸದಿಗಳಿವೆ. ಚೌಟರ ಅರಮನೆಯಲ್ಲಿ ನವನಾರಿ ಕುಂಜರದ ಮರಗೆತ್ತನೆಯಿದೆ. ಇವನ್ನು ಬಿಡಿಬಿಡಿಯಾಗಿ ಕಾದರೆ ಸಾಲದು. ಜೈನ ಪೇಟೆಯಲ್ಲಿ ಬಸದಿಗಳು ಸಾಲಾಗಿ ನಿಂತ ಕ್ರಮ, ಇಳಿಜಾರು ಮಾಡುಗಳ ಎತ್ತರ, ಭಾರೀ ಮಳೆಯ ನೀರು ಹರಿದುಹೋಗುವ ದಾರಿ, ಇವೂ ಪರಂಪರೆಯೇ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯವನ್ನೂ ಅದರಾಚೆ 200 ಮೀಟರ್ ನಿಯಂತ್ರಿತ ವಲಯವನ್ನೂ ಗುರುತಿಸುತ್ತದೆ. ಈ ಅಳತೆ ದೂರವನ್ನು ನೋಡುತ್ತದೆ, ನೀರಿನ ಹರಿವನ್ನಲ್ಲ.

ಹಳೆಯ ಮನೆಯ ಒಡೆಯರಿಗೆ ಇಂಥ ಯೋಜನೆ ಹೊರೆಯಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಾರ್ವಜನಿಕ ಹಿತಕ್ಕಾಗಿ ಮಹಡಿ ಏರಿಸದವರಿಗೆ ತೆರಿಗೆ ವಿನಾಯಿತಿ, ದುರಸ್ತಿಗೆ ನೆರವು ಸಿಗಬೇಕು. ಬರಿಯ ನಿಷೇಧ ಮನೆಗಳನ್ನು ಪಾಳುಬೀಳಿಸುತ್ತದೆ. ನಿತ್ಯಪೂಜೆಯ ಬಸದಿಗೆ ಸರ್ಕಾರಿ ನಿಯಮವೇಕೆ ಎಂಬುದು ಇನ್ನೊಂದು ಪ್ರಶ್ನೆ. ಗರ್ಭಗುಡಿಯ ಆಚರಣೆ ಜೈನ ಮಠಕ್ಕೆ ಸೇರಿದ್ದು. ಹೊರಬೀದಿಯ ಚರಂಡಿ, ವಾಹನದಟ್ಟಣೆ, ಕಟ್ಟಡದ ಎತ್ತರ ಪುರಸಭೆ ಮತ್ತು ಯೋಜನಾ ಪ್ರಾಧಿಕಾರದ ಹೊಣೆ. ಕಂಬಳ ನಡೆಯುವ ಕಡಲಕೆರೆಯಲ್ಲಂತೂ ನಿಸರ್ಗ, ಸಂಸ್ಕೃತಿಗಳನ್ನು ಬೇರ್ಪಡಿಸಲಾಗದು. ಅದರ ಜಲಾನಯನ ಪ್ರದೇಶವನ್ನೂ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಬಸದಿಗಳಷ್ಟೇ ಸ್ಪಷ್ಟವಾಗಿ ಗುರುತಿಸಬೇಕು.