ರೋಗಿಯ ಹಾಸಿಗೆಯಿಂದ ಶಾಲೆಯ ಮೈದಾನಕ್ಕೆ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಬಾಲ್ಟಿಮೋರ್ ಎಂಬ ನಗರವಿದೆ. ಆ ದೇಶದ ಮೊತ್ತಮೊದಲ ಕಥೋಲಿಕ ಧರ್ಮಪ್ರಾಂತ್ಯ 1789ರಲ್ಲಿ ಸ್ಥಾಪನೆಯಾದದ್ದು ಅಲ್ಲಿಯೇ. ತಪಸ್ಸುಕಾಲ ಆರಂಭವಾಗುವ ಹೊತ್ತಿಗೆ ಆ ಸೀಮೆಯ ಪ್ರೌಢಶಾಲೆಗಳಲ್ಲಿ ಹುಡುಗರ ಲಕ್ರಾಸ್ ಪಂದ್ಯಗಳು ಆರಂಭವಾಗುತ್ತವೆ; ಪಾಸ್ಖ ಹಬ್ಬ ಕಳೆದು ಮೇ ತಿಂಗಳಿನವರೆಗೂ ನಡೆಯುತ್ತವೆ. ವಾರಾಂತ್ಯ ಮುಗಿದೊಡನೆ ಪ್ರಕಟವಾಗುವ ಫಲಿತಾಂಶಗಳ ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಅದು ಸಂತರ ಪ್ರಾರ್ಥನಾಮಾಲೆಯಂತೆ ತೋರುತ್ತದೆ: ಲೊಯೋಲಾ, ಸೇಂಟ್ ಮೇರೀಸ್, ಮೌಂಟ್ ಸೇಂಟ್ ಜೋಸೆಫ್, ಆರ್ಚ್‌ಬಿಷಪ್ ಸ್ಪಾಲ್ಡಿಂಗ್, ಕ್ಯಾಲ್ವರ್ಟ್ ಹಾಲ್. ಎಲ್ಲವೂ ನಮ್ಮ ಧರ್ಮಸಭೆಯ ಶಾಲೆಗಳೇ. ಪ್ರತಿ ಹೆಸರಿನ ಮುಂದೆ ಒಂದು ಅಂಕಿ, ಅಷ್ಟೇ.

ಈ ಆಟ ನಮ್ಮವರಿಗೆ ಅಪರಿಚಿತ. ಒಂದೊಂದು ಪಕ್ಷದಲ್ಲಿ ಹತ್ತು ಮಂದಿ ಹುಡುಗರು; ಪ್ರತಿಯೊಬ್ಬನ ಕೈಯಲ್ಲೂ ತುದಿಗೆ ಬಲೆ ಕಟ್ಟಿದ ಕೋಲು. ಗಟ್ಟಿ ರಬ್ಬರಿನ ಚೆಂಡನ್ನು ಆ ಬಲೆಯಲ್ಲಿ ಹಿಡಿದು, ಓಡಿ, ಎಸೆದು, ಆರಡಿ ಅಗಲ ಆರಡಿ ಎತ್ತರದ ಗೋಲಿನೊಳಗೆ ಸೇರಿಸಬೇಕು. ಶಾಲಾ ಪಂದ್ಯವಾದರೆ 12 ನಿಮಿಷಗಳ ನಾಲ್ಕು ಅವಧಿಗಳು. ಯಾರು ಗೆದ್ದರು, ಯಾರು ಸೋತರು ಎಂಬುದು ಇಲ್ಲಿ ನಮಗೆ ಮುಖ್ಯವಲ್ಲ. ಈ ಕೋಲು ನಮ್ಮ ಶಾಲೆಗಳ ಹುಡುಗರ ಕೈಗೆ ಬಂದ ದಾರಿ ಮಾತ್ರ ತಿಳಿಯಲು ಯೋಗ್ಯವಾದುದು. ಆ ದಾರಿಯ ಒಂದು ತುದಿಯಲ್ಲಿ ಒಬ್ಬ ರೋಗಿ ಮಲಗಿದ್ದಾನೆ; ಅವನ ಪಕ್ಕದಲ್ಲಿ ಒಬ್ಬ ಸಂತರು ನಿಂತಿದ್ದಾರೆ.

ಸಂತ ಜಾನ್ ಬ್ರೆಬ್ಯೂಫರು 1593ರಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಜನಿಸಿದವರು. ಯೇಸುಸಭೆಯನ್ನು ಸೇರಿ, ಗುರುದೀಕ್ಷೆ ಪಡೆದು, 1625ರಲ್ಲಿ ಕೆನಡಾಕ್ಕೆ ಹೋದರು. ಹ್ಯೂರಾನರೆಂದು ಫ್ರೆಂಚರು ಕರೆಯುತ್ತಿದ್ದ ವೆಂಡಾಟ್ ಜನರ ನಡುವೆ ನೆಲೆಸಿ ಅವರ ಭಾಷೆಯನ್ನು ಕಲಿತರು. ಆ ಭಾಷೆಗೆ ಧರ್ಮೋಪದೇಶವನ್ನು ಭಾಷಾಂತರಿಸಿದರು. ವೆಂಡಾಟರು ಅವರಿಗೆ ಎಕೋನ್ ಎಂದು ತಮ್ಮದೇ ಹೆಸರಿಟ್ಟಿದ್ದರು. 1636ರಲ್ಲಿ ಇಹೊನಾಟಿರಿಯಾ ಎಂಬ ಹಳ್ಳಿಯಿಂದ ಕ್ವಿಬೆಕ್ಕಿನ ತಮ್ಮ ಹಿರಿಯರಿಗೆ ಅವರು ಕಳುಹಿಸಿದ ದೀರ್ಘ ವರದಿಯಲ್ಲಿ ಈ ಆಟದ ಪ್ರಸ್ತಾಪವಿದೆ. ಅದನ್ನು 'ಕ್ರಾಸ್' ಎಂದು ಬರೆದಿಡಲಾಗಿರುವ ಅತ್ಯಂತ ಹಳೆಯ ಉಲ್ಲೇಖಗಳಲ್ಲಿ ಇದೂ ಒಂದು.

ಇಲ್ಲಿ ಒಂದು ಮಾತು. ಕೋಲಿನ ಬಾಗಿದ ತುದಿಯು ಧರ್ಮಾಧ್ಯಕ್ಷರ ಪಾಲನಾ ದಂಡದಂತೆ ಕಂಡುದರಿಂದ ಬ್ರೆಬ್ಯೂಫರು ಆ ಹೆಸರಿಟ್ಟರು ಎಂಬ ಕಥೆ ಬಹಳ ಕಡೆ ಕಾಣಸಿಗುತ್ತದೆ. ನನ್ನಂಥ ಗುರುಗಳಿಗೆ ಕೇಳಲು ಹಿತವಾದ ಕಥೆಯೇ ಸರಿ. ಆದರೆ ಬಾಗಿದ ಕೋಲಿನಿಂದ ಚೆಂಡಾಡುವ ಆಟಕ್ಕೆ ಫ್ರಾನ್ಸಿನ ಹಳ್ಳಿಗಳಲ್ಲಿ ಆ ಹೆಸರು ಮೊದಲೇ ಬಳಕೆಯಲ್ಲಿತ್ತು. ಊರಿನಲ್ಲಿ ಕೇಳಿದ್ದ ಪದವನ್ನು ಅವರು ಕಾಡಿನಲ್ಲಿ ಬಳಸಿದರು ಎಂಬುದೇ ಹೆಚ್ಚು ನಂಬಲರ್ಹ.

ವರದಿಯಲ್ಲಿ ಅವರು ಹೇಳುವುದು ಇದನ್ನು. ವೆಂಡಾಟರಲ್ಲಿ ಒಬ್ಬನಿಗೆ ಕಾಯಿಲೆ ಉಲ್ಬಣಿಸಿ ಸಾವು ಸಮೀಪಿಸಿದಂತೆ ಕಂಡಾಗ, ಊರಿನ ವೈದ್ಯ ಕೊಡುವ ಔಷಧಗಳಲ್ಲಿ ಈ ಆಟವೂ ಒಂದು. ಕೆಲವೊಮ್ಮೆ ರೋಗಿಯೇ ಕನಸು ಕಾಣುತ್ತಾನೆ: ನಾಡಿನ ಜನರೆಲ್ಲ ತನಗಾಗಿ ಆಡದಿದ್ದರೆ ತಾನು ಉಳಿಯಲಾರೆ ಎಂದು. ಆಗ ಹಳ್ಳಿಗೆ ಹಳ್ಳಿಯೇ ಎದುರಾಗಿ ನಿಂತು ಆಡುತ್ತದೆ. ಹವೆ ಅನುಕೂಲವಾಗಲೆಂದೂ ಆಡುವುದುಂಟು. ಪಣ ಕಟ್ಟುವುದೂ ಉಂಟು. ಬ್ರೆಬ್ಯೂಫರು ಈ ವೈದ್ಯರನ್ನು ಮಾಂತ್ರಿಕರೆಂದು ಕರೆದರು, ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದರು.

ಓದುಗರೇ, ಆ ವರ್ಷಗಳಲ್ಲಿ ವೆಂಡಾಟರ ನಾಡಿನಲ್ಲಿ ಏನಾಗುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಯೂರೋಪಿನವರ ಹಡಗುಗಳೊಡನೆ ಬಂದ ರೋಗಗಳು 1634ರಿಂದ ಒಂದರ ಹಿಂದೊಂದು ಹರಡಿದವು. 1639-40ರ ಸಿಡುಬು ಮುಗಿಯುವ ವೇಳೆಗೆ ಆ ಜನಾಂಗದಲ್ಲಿ ಸುಮಾರು ಅರ್ಧದಷ್ಟು ಮಂದಿ ಸತ್ತಿದ್ದರು. ತಮ್ಮ ದೇಹಕ್ಕೆ ಗುರುತೇ ಇಲ್ಲದ ರೋಗದ ಎದುರು, ನಮಗಾಗಿ ಎಲ್ಲರೂ ಓಡಿರಿ ಎಂದು ಬೇಡುತ್ತಿದ್ದ ಜನ ಅವರು. ಬ್ರೆಬ್ಯೂಫರು ಆ ಗುಡಿಸಲುಗಳನ್ನು ಬಿಟ್ಟು ಓಡಲಿಲ್ಲ. ರೋಗಿಗಳ ಬಳಿ ಕುಳಿತರು, ಸಾಯುವವರಿಗೆ ಜ್ಞಾನಸ್ನಾನ ಕೊಟ್ಟರು. ಆದರೂ ಅವರು ಬರೆದದ್ದನ್ನು ಇಂದು ಓದುವಾಗ, ಪಾರ್ಶ್ವವಾಯು ಪೀಡಿತನನ್ನು ಹೊತ್ತುತಂದು ಮಾಳಿಗೆ ಕಳಚಿ ಯೇಸುಸ್ವಾಮಿಯ ಮುಂದೆ ಇಳಿಸಿದ ಆ ನಾಲ್ವರು ನನಗೆ ನೆನಪಾಗುತ್ತಾರೆ. ಸ್ವಾಮಿ ಕಂಡದ್ದು ಹೊತ್ತವರ ವಿಶ್ವಾಸವನ್ನು. ಒಬ್ಬನ ಕಾಯಿಲೆ ಇಡೀ ಊರಿನ ಹೊಣೆ ಎಂಬ ತಿಳಿವು ವೆಂಡಾಟರಲ್ಲಿ ನಾವು ಹೋಗುವ ಮೊದಲೇ ಇತ್ತು. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆಗಿರುವ ಯಾವುದನ್ನೂ ಧರ್ಮಸಭೆ ನಿರಾಕರಿಸದು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರಲ್ಲಿ. 1636ರ ಗುರುಗಳಿಂದ ಆ ಕಣ್ಣನ್ನು ನಿರೀಕ್ಷಿಸುವುದು ಅನ್ಯಾಯವಾದೀತು. ಆದರೆ ಅವರ ಕಣ್ಣಿನಿಂದಲೇ ನಾವೂ ನೋಡಬೇಕೆಂದಿಲ್ಲ.

1649ರ ಮಾರ್ಚ್ 16ರಂದು, ವೆಂಡಾಟರ ಶತ್ರುಗಳಾಗಿದ್ದ ಇರಾಕ್ವಾಯ್ ಯೋಧರ ಕೈಯಲ್ಲಿ ಬ್ರೆಬ್ಯೂಫರು ಭೀಕರ ಹಿಂಸೆ ಅನುಭವಿಸಿ ರಕ್ತಸಾಕ್ಷಿಯಾದರು. 1930ರಲ್ಲಿ ಹನ್ನೊಂದನೆಯ ಭಕ್ತಿನಾಥ ಪೋಪ್ ಪಯಸ್ಸರು ಅವರಿಗೂ ಅವರ ಸಂಗಡಿಗರಿಗೂ ಸಂತಪದವಿ ನೀಡಿದರು. ಅಕ್ಟೋಬರ್ 19ರಂದು ನಾವು ಅವರನ್ನು ಸ್ಮರಿಸುತ್ತೇವೆ. ಅದೇ ರಕ್ತಸಾಕ್ಷಿಗಳಲ್ಲಿ ಒಬ್ಬರಾದ ಸಂತ ಐಸಾಕ್ ಜೋಗರು 1646ರಲ್ಲಿ ಮಡಿದದ್ದು ಮೊಹಾಕರ ಒಸ್ಸರ್ನೆನಾನ್ ಎಂಬ ಹಳ್ಳಿಯಲ್ಲಿ. ಹತ್ತು ವರ್ಷಗಳ ನಂತರ ಅದೇ ಹಳ್ಳಿಯಲ್ಲಿ ಹುಟ್ಟಿದ ಹೆಣ್ಣುಮಗು ಕತೇರಿ ತೆಕಾಕ್ವಿತಾ. ಸಿಡುಬಿನಿಂದ ತಂದೆತಾಯಿಗಳನ್ನು ಕಳೆದುಕೊಂಡು, ಮುಖದ ತುಂಬ ಕಲೆ ಹೊತ್ತು ಬೆಳೆದ ಆಕೆ ಕ್ರಿಸ್ತರನ್ನು ಅಪ್ಪಿಕೊಂಡು 1680ರಲ್ಲಿ ತೀರಿಕೊಂಡಳು, 2012ರಲ್ಲಿ ಸಂತಳಾದಳು. ಆಕೆಯ ಪವಿತ್ರ ಅವಶೇಷಗಳಿರುವುದು ಮಾಂಟ್ರಿಯಲ್ ಬಳಿಯ ಕಾನವಾಕೆ ಎಂಬ ಮೊಹಾಕ್ ಗ್ರಾಮದ ದೇವಾಲಯದಲ್ಲಿ. ಆ ದೇವಾಲಯದ ಪಾಲಕ ಸಂತರು ಯಾರು ಗೊತ್ತೇ? ಗೋವೆಯಲ್ಲಿ ನಾವು ದರ್ಶನ ಮಾಡಿ ಬರುವ ಅದೇ ಸಂತ ಫ್ರಾನ್ಸಿಸ್ ಝೇವಿಯರ್.

ಲಕ್ರಾಸಿನ ಮುಂದಿನ ಅಧ್ಯಾಯಕ್ಕೂ ಈ ಕಾನವಾಕೆಯೇ ಬಾಗಿಲು. 19ನೆಯ ಶತಮಾನದಲ್ಲಿ ಮಾಂಟ್ರಿಯಲ್ಲಿನ ಬಿಳಿಯರು ಆಟ ಕಲಿತದ್ದು ಇಲ್ಲಿನ ಮೊಹಾಕರಿಂದ. 1856ರಲ್ಲಿ ಅವರು ತಮ್ಮದೇ ಕ್ಲಬ್ಬು ಕಟ್ಟಿಕೊಂಡರು. ವಿಲಿಯಂ ಜಾರ್ಜ್ ಬಿಯರ್ಸ್ ಎಂಬ ದಂತವೈದ್ಯರು ನಿಯಮಗಳನ್ನು ಬರೆದು, ಆಟಗಾರರ ಸಂಖ್ಯೆ, ಗೋಲು ಎಲ್ಲವನ್ನೂ ಕ್ರಮಬದ್ಧಗೊಳಿಸಿದರು. 1867ರಲ್ಲಿ ರಾಷ್ಟ್ರೀಯ ಸಂಘವೂ ಹುಟ್ಟಿತು. 1876ರಲ್ಲಿ ಅವರು ಕಾನವಾಕೆಯ ಆಟಗಾರರನ್ನು ಇಂಗ್ಲೆಂಡಿಗೆ ಕರೆದೊಯ್ದು ವಿಕ್ಟೋರಿಯಾ ರಾಣಿಯ ಮುಂದೆ ಆಡಿಸಿದರು. ಆದರೆ ಇದೇ ಬಿಯರ್ಸರು 1869ರಲ್ಲಿ ಪ್ರಕಟಿಸಿದ ಪುಸ್ತಕದ ನಿಯಮಾವಳಿಯಲ್ಲಿ, ಮೊದಲೇ ಒಪ್ಪಂದವಾಗದ ಹೊರತು ಬಿಳಿಯರ ಕ್ಲಬ್ಬಿನ ಪರವಾಗಿ ಮೂಲನಿವಾಸಿಯೊಬ್ಬನು ಆಡಕೂಡದೆಂಬ ವಿಧಿಯಿದೆ! 1880ರಲ್ಲಿ ಸಂಘವು ಹವ್ಯಾಸಿಗಳಿಗೆ ಮಾತ್ರ ಪ್ರವೇಶವೆಂದಿತು. ಪ್ರಯಾಣದ ಖರ್ಚಿಗಾಗಿ ಹಣ ಪಡೆದು ಆಡುತ್ತಿದ್ದ ಮೊಹಾಕರು ಹವ್ಯಾಸಿಗಳಲ್ಲವೆಂಬ ಕಾರಣದಿಂದ ಹೊರಗುಳಿದರು. ಆಟ ಕಲಿಸಿದ ಗುರುವನ್ನು ಅಂಗಳದಿಂದ ಆಚೆ ನಿಲ್ಲಿಸಿದಂತಾಯಿತು.

ಅಲ್ಲಿಂದ ಆಟವು ಅಮೆರಿಕದ ಕಾಲೇಜುಗಳಿಗೂ ಶಾಲೆಗಳಿಗೂ ಹಬ್ಬಿತು. ಇಂಡಿಯಾನಾಪೊಲಿಸ್‌ನಲ್ಲಿ 1962ರಲ್ಲಿ ಯೇಸುಸಭೆಯವರು ತೆರೆದ ಪ್ರೌಢಶಾಲೆಗೆ ಬ್ರೆಬ್ಯೂಫರ ಹೆಸರೇ ಇದೆ. ಆ ಶಾಲೆಯ ಹುಡುಗರೂ ಲಕ್ರಾಸ್ ಆಡುತ್ತಾರೆ. ಮೂಢನಂಬಿಕೆಯೆಂದು ಬರೆದವರ ಹೆಸರು ಈಗ ಆ ಆಟದ ಅಂಗಿಯ ಮೇಲಿದೆ. ಇದನ್ನು ಅಣಕವೆಂದು ನಗುವವರು ನಗಲಿ. ನನಗಂತೂ ಸಂತರು ಅದನ್ನು ಸಂತೋಷದಿಂದಲೇ ನೋಡುತ್ತಿರಬೇಕು ಎನಿಸುತ್ತದೆ.

ಆಟದ ಮೂಲ ವಾರಸುದಾರರು ಎಲ್ಲಿಗೂ ಹೋಗಿಲ್ಲ. ಹಿಂದೆ ಇರಾಕ್ವಾಯ್ ಎನಿಸಿಕೊಂಡ ಹೋಡೆನೊಶೋನಿ ಜನ ಇದನ್ನು ಸೃಷ್ಟಿಕರ್ತನ ಆಟವೆಂದು ಕರೆಯುತ್ತಾರೆ. ನ್ಯೂಯಾರ್ಕ್ ರಾಜ್ಯದ ಒನೊಂಡಾಗಾ ಜನರ ನಡುವೆ, ಕಾಯಿಲೆ ಬಿದ್ದವರಿಗಾಗಿ ಮರದ ಕೋಲು ಹಿಡಿದು ಆಡುವ ಪದ್ಧತಿ ಇಂದಿಗೂ ಇದೆ. ಅಲ್ಲಿ ಗೆಲುವು ಸೋಲಿಗೆ ಬೆಲೆಯಿಲ್ಲ. ಅವರ ಮಕ್ಕಳು ನೆರೆಯ ಲಫಾಯೆಟ್ ಊರಿನ ಪ್ರೌಢಶಾಲೆಗೆ ಹೋಗುತ್ತಾರೆ, ಶಾಲೆಯ ಪರವಾಗಿ ಆಡುತ್ತಾರೆ. ಅಲ್ಲಿ ಓದಿದ ಲೈಲ್ ಥಾಂಪ್ಸನ್ ಮತ್ತು ಅವರ ಅಣ್ಣ ಮೈಲ್ಸ್ 2014ರಲ್ಲಿ ಅಮೆರಿಕದ ಕಾಲೇಜು ಆಟಗಾರರಿಗೆ ಸಲ್ಲುವ ಅತ್ಯುನ್ನತ ಪ್ರಶಸ್ತಿಯನ್ನು ಹಂಚಿಕೊಂಡರು. ಆ ಪ್ರಶಸ್ತಿಯ ಹೆಸರು ತೆವಾರಟಾನ್, ಆಟಕ್ಕೆ ಮೊಹಾಕ್ ಭಾಷೆಯಲ್ಲಿರುವ ಹೆಸರು.

ಹೋಡೆನೊಶೋನಿಗಳು 1983ರಲ್ಲಿ ತಮ್ಮದೇ ರಾಷ್ಟ್ರೀಯ ತಂಡವನ್ನು ಕಟ್ಟಿ, 1990ರಿಂದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆಡತೊಡಗಿದರು. 2010ರಲ್ಲಿ ಪಂದ್ಯಗಳು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿದ್ದವು. ತಮ್ಮ ಜನಾಂಗದ ಪಾಸ್‌ಪೋರ್ಟ್ ಹಿಡಿದು ಹೊರಟ ತಂಡಕ್ಕೆ ಬ್ರಿಟನ್ ವೀಸಾ ಕೊಡಲಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಪಡೆಯುವ ಅವಕಾಶವಿದ್ದರೂ ಆಟಗಾರರು ಒಪ್ಪದೆ ಮನೆಗೆ ಮರಳಿದರು. 2023ರ ಅಕ್ಟೋಬರಿನಲ್ಲಿ ನಮ್ಮ ಮುಂಬಯಿಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, ಕ್ರಿಕೆಟ್ಟಿನ ಜೊತೆಯಲ್ಲಿ ಲಕ್ರಾಸನ್ನೂ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಸೇರಿಸಿತು. ನಮ್ಮ ಪತ್ರಿಕೆಗಳು ಕ್ರಿಕೆಟ್ ಸುದ್ದಿಯನ್ನು ದೊಡ್ಡದಾಗಿ ಅಚ್ಚುಹಾಕಿದವು. ಒಲಿಂಪಿಕ್ಸ್‌ಗೆ ತಂಡ ಕಳುಹಿಸಲು ಒಂದು ರಾಷ್ಟ್ರೀಯ ಒಲಿಂಪಿಕ್ ಸಮಿತಿ ಇರಬೇಕೆಂಬುದು ನಿಯಮ. ಅಂತಹ ಮಾನ್ಯತೆ ಪಡೆದ ಸಮಿತಿ ಹೋಡೆನೊಶೋನಿಗಳಿಗೆ ಇಲ್ಲ.