ಕಾಣದ ಮೈದಾನದ ಸೂರು

ನಮ್ಮ ಸೀಮೆಯಲ್ಲಿ ಒಂದು ಹಳೆಯ ಮಾತಿದೆ: ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು. ಹಂಪಿಯ ವೈಭವ ಬಯಲಲ್ಲಿ ಹರಡಿದೆ. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಸ್ಥಾನದ ಸೊಗಸು ಕಾಣಬೇಕಾದರೆ ಒಳಗೆ ಹೋಗಿ ಕಂಬಗಳ ನಡುವೆ ನಿಂತು ತಲೆ ಎತ್ತಬೇಕು. ಆದರೆ ವರ್ಷಕ್ಕೊಮ್ಮೆ ಈ ಮಾತು ತಿರುವುಮುರುವಾಗುತ್ತದೆ. ಜಾತ್ರೆಯ ಹೊತ್ತಿನಲ್ಲಿ ಶಿಖರಕ್ಕೆ ತೈಲಾಭಿಷೇಕ ನಡೆಯುತ್ತದೆ. ಜರಿಮಲೆ ಪಾಳೇಗಾರರ ವಂಶಸ್ಥರ ಎಣ್ಣೆ ಮೊದಲು ಬೀಳಬೇಕು, ಆಮೇಲೆ ಭಕ್ತರದು. ಕೊಡಗಟ್ಟಲೆ ಎಣ್ಣೆ ಕಲ್ಲಿನ ಮೇಲಿಂದ ಇಳಿಯುವುದನ್ನು ಸಾವಿರಾರು ಜನ ಹೊರಗೆ ನಿಂತು ನೋಡುತ್ತಾರೆ. ಕಟ್ಟಡವೊಂದರ ನೆತ್ತಿಯನ್ನು ಊರೆಲ್ಲ ಸೇರಿ ಕತ್ತೆತ್ತಿ ನೋಡುವುದು ನಮಗೆ ಹೊಸದಲ್ಲ.

ಅದೇ ಜನ ಕಣ್ಣಿಗೆ ಕಾಣದ ಇನ್ನೊಂದು ಕಟ್ಟಡವನ್ನೂ ಬಹಳ ವರ್ಷ ಹಿಂಬಾಲಿಸಿದರು. ಅದು 250 ಕಿಲೋಮೀಟರಿಗೂ ಆಚೆ, ಬೆಂಗಳೂರಿನ ಕಬ್ಬನ್ ಪಾರ್ಕಿನ ಪಕ್ಕದಲ್ಲಿ ಎದ್ದಿತು. ಈಗ ಅದನ್ನು ಚಿನ್ನಸ್ವಾಮಿ ಕ್ರೀಡಾಂಗಣ ಎನ್ನುತ್ತೇವೆ. ಅದರ ಗೋಡೆ, ಗ್ಯಾಲರಿ, ಸೂರು, ದೀಪ ಒಂದೊಂದಾಗಿ ಸೇರಿದ ಸುದ್ದಿ ನಮ್ಮ ಕಡೆಯವರಿಗೆ ತಲುಪಿದ್ದು ಪೇಪರಿನಿಂದ, ರೇಡಿಯೋದಿಂದ, ಆಮೇಲೆ ಟೀವಿಯಿಂದ. ಆ ದೂರದ ನೋಟದ ಚರಿತ್ರೆಯನ್ನು ಯಾರೂ ಬರೆದಿಟ್ಟಂತಿಲ್ಲ. ಬರೆಯಬೇಕೆನ್ನಿಸಲು ಒಂದು ಕಾರಣವಿದೆ: ಆ ಮೈದಾನ ನಮ್ಮದಾದದ್ದು ತಾನಾಗಿಯೇ ಅಲ್ಲ.

1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್‌ನಲ್ಲಿ ಮೊಟ್ಟಮೊದಲ ರಣಜಿ ಪಂದ್ಯ ನಡೆಯಿತು. ಮದ್ರಾಸ್ ಒಂದು ಕಡೆ, ಮೈಸೂರು ಇನ್ನೊಂದು ಕಡೆ. ಮೈಸೂರು ತಂಡ ಮೊದಲ ಸರದಿಯಲ್ಲಿ 48, ಎರಡನೆಯದರಲ್ಲಿ 59ಕ್ಕೆ ಉದುರಿತು. ಎ.ಜಿ. ರಾಮಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಪಂದ್ಯ ಒಂದೇ ದಿನದಲ್ಲಿ ಮುಗಿಯಿತು. ಆ ದಿನ ಉಜ್ಜಿನಿಯವರು ಯಾರ ಕಡೆ? ನಕ್ಷೆಯ ಪ್ರಕಾರ ಗೆದ್ದವರ ಕಡೆ. ನಿಜಾಮ 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ಸೀಮೆ ನಮ್ಮದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಬಳ್ಳಾರಿ ಜಿಲ್ಲೆಯೊಳಗೆ, ಬಳ್ಳಾರಿ ಮದ್ರಾಸ್ ಪ್ರಾಂತ್ಯದೊಳಗೆ. ಕನ್ನಡ ಮಾತಾಡುವ ನಮ್ಮ ಹಿರಿಯರ ಕಾಗದಪತ್ರ, ಕೋರ್ಟು ಕಚೇರಿ, ಕಾಲೇಜಿನ ಪರೀಕ್ಷೆಗಳ ದಾರಿ ಮದರಾಸಿಗೆ ಹೋಗುತ್ತಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ರಾಜ್ಯ ಬದಲಾಗಲು ಒಂದು ದಿನ ಸಾಕು. ರಾಜಧಾನಿ ಮನಸ್ಸಿಗೆ ಹತ್ತಿರವಾಗಲು ಅಷ್ಟು ಸಾಲದು. ಬೆಂಗಳೂರು ಎಂದರೆ ಅರ್ಜಿ ಹಿಡಿದು ಹೋಗುವ ಊರು ಎಂಬಷ್ಟೇ ಭಾವನೆ ಬಹಳ ಕಾಲ ಉಳಿದಿತ್ತೆಂದು ಹಿರಿಯರು ಹೇಳುತ್ತಿದ್ದರು.

ಆಗ ಬೆಂಗಳೂರಿನಲ್ಲಿ ದೊಡ್ಡ ಕ್ರಿಕೆಟ್ಟಿಗೆ ಸೆಂಟ್ರಲ್ ಕಾಲೇಜಿನ ಮೈದಾನವೇ ಗತಿ. ಮೈಸೂರು ತಂಡದಿಂದ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಭಾರತಕ್ಕೆ ಆಡುತ್ತಿದ್ದರೂ ರಾಜ್ಯದೊಳಗೆ ಒಂದೇ ಒಂದು ಟೆಸ್ಟ್ ನಡೆದಿರಲಿಲ್ಲ. 1970ರ ಮೇ ತಿಂಗಳಲ್ಲಿ ಹೊಸ ಕ್ರೀಡಾಂಗಣಕ್ಕೆ ಶಂಕುಸ್ಥಾಪನೆಯಾಗಿ ಕೆಲಸ ಶುರುವಾಯಿತು. ಅದಕ್ಕಾಗಿ ಓಡಾಡಿದವರಲ್ಲಿ ಮುಖ್ಯರು ಮಂಡ್ಯ ಮೂಲದ ವಕೀಲ ಎಂ. ಚಿನ್ನಸ್ವಾಮಿ. ಮುಂದೆ ಅವರು 1977ರಿಂದ 1980ರವರೆಗೆ ಭಾರತೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾದರು, ಕ್ರೀಡಾಂಗಣಕ್ಕೆ ಅವರ ಹೆಸರೇ ಬಂತು. ಆದರೆ ಕಟ್ಟಡ ಒಂದೇ ಉಸುರಿಗೆ ಏಳಲಿಲ್ಲ. 1972–73ರಲ್ಲಿ ಅಲ್ಲಿ ಪ್ರಥಮ ದರ್ಜೆಯ ಪಂದ್ಯಗಳು ಶುರುವಾದಾಗ ಕೆಲಸ ಇನ್ನೂ ಬಾಕಿ ಇತ್ತು.

ಉಜ್ಜಿನಿಗೆ ಪೇಪರು ಬಸ್ಸಿನಲ್ಲಿ ಬರುತ್ತಿತ್ತು. ಮೊದಲು ಹೋಟೆಲಿನವನು ಓದಬೇಕು, ಆಮೇಲೆ ಮಾಸ್ತರು, ಕೊನೆಗೆ ಉಳಿದವರು. ನನ್ನ ದೊಡ್ಡಪ್ಪ ಕಡೆಯ ಗುಂಪಿನವರು. ಆಟದ ಪುಟದಲ್ಲಿ ಕ್ರೀಡಾಂಗಣದ ಕೆಲಸದ ಸುದ್ದಿ ಬಂದರೆ ಎರಡೆರಡು ಸಲ ಓದಿಸಿಕೊಳ್ಳುತ್ತಿದ್ದರಂತೆ. ಅವರಿಗೆ ಅರ್ಥವಾಗದೆ ಉಳಿದದ್ದು ಒಂದೇ ಸಂಗತಿ. ಕೊಟ್ಟೂರಿನ ಜಾತ್ರೆಗೆ ಬರುವ ಟೆಂಟ್ ಸಿನಿಮಾಕ್ಕೂ ಮೇಲೆ ಹೊದಿಕೆ ಇರುತ್ತದೆ, ಅಷ್ಟು ದುಡ್ಡು ಸುರಿದು ಕಟ್ಟುವ ಮೈದಾನಕ್ಕೆ ಇರುವುದಿಲ್ಲವೇ? ಬೆಂಗಳೂರಿಗೆ ಹೋಗಿಬಂದವರೊಬ್ಬರನ್ನು ಅವರು ಕೇಳಿದ್ದು ಮನೆಯಲ್ಲಿ ಗಾದೆಯಂತೆ ಉಳಿದಿದೆ: “ಎಲ್ಲಾ ಕಟ್ಟ್ಯಾರ, ಖರೆ. ಮ್ಯಾಲೇನು ಹಾಕ್ಯಾರ?” ಬಂದ ಉತ್ತರ: “ಆಡೋರಿಗೆ ಆಕಾಶ, ದೊಡ್ಡೋರಿಗೆ ನೆಳ್ಳು, ಉಳಿದೋರಿಗೆ ಟವೆಲ್ಲು.”

ಈ ಪ್ರಶ್ನೆಯನ್ನು ನಗೆಗೆ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ನಮ್ಮದು ಮಾಳಿಗೆ ಮನೆಗಳ ಸೀಮೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವುಳು ಮಣ್ಣು ಹಾಕಿ ಬಡಿಯದಿದ್ದರೆ ಜೋಳದ ಚೀಲ ನೆನೆಯುತ್ತದೆ. ಮನೆ ಕಟ್ಟುವವನನ್ನು ದಾರಿಯಲ್ಲಿ ಕಂಡರೆ ಗೋಡೆ ಎಷ್ಟು ಎತ್ತರ ಎಂದು ಕೇಳುವವರು ಕಡಿಮೆ, ಮಾಳಿಗೆ ಮುಚ್ಚಿದಿರಾ ಎಂದೇ ಎಲ್ಲರೂ ಕೇಳುವುದು. ಸೂರು ಬಂದರೆ ಮನೆ ಮುಗಿದಂತೆ. ಯಾರ ತಲೆಯ ಮೇಲೆ ನೆರಳಿದೆ ಎಂಬುದರಿಂದ ಕಟ್ಟಡ ಯಾರಿಗಾಗಿ ಎಂದು ತಿಳಿಯುತ್ತದೆ.

1973ರ ನವೆಂಬರ್ 1ರಂದು ಮೈಸೂರು ರಾಜ್ಯದ ಹೆಸರು ಕರ್ನಾಟಕವಾಯಿತು. ಆ ಋತುವಿನಲ್ಲೇ ಕರ್ನಾಟಕ ತಂಡ ರಣಜಿ ಸೆಮಿಫೈನಲ್ ತಲುಪಿತು. 1974ರ ಮಾರ್ಚ್‌ನಲ್ಲಿ ಹೊಸ ಮೈದಾನಕ್ಕೆ ಬಂದದ್ದು ಬಾಂಬೆ, 15 ವರ್ಷ ಸತತವಾಗಿ ರಣಜಿ ಗೆದ್ದಿದ್ದ ತಂಡ. ಭದ್ರಾವತಿಯ ಹುಡುಗ ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ ಪಟೇಲ್ ಕೂಡ ಶತಕ ಬಾರಿಸಿದರು. ನಾಯಕ ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು, ವಾಡೇಕರ್ ರನೌಟ್ ಆದರು. ಮೊದಲ ಸರದಿಯ ಮುನ್ನಡೆಯಿಂದ ಕರ್ನಾಟಕ ಫೈನಲ್ ಮುಟ್ಟಿತು. ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ರಣಜಿ ಗೆದ್ದಿತು. ಚೆಪಾಕ್‌ನಲ್ಲಿ 48ಕ್ಕೆ ಉದುರಿದ ದಿನದಿಂದ ಎಣಿಸಿದರೆ ಅದು ರಣಜಿಯ 40ನೆಯ ಋತು.

ಉಜ್ಜಿನಿಯ ಹೋಟೆಲಿನಲ್ಲಿ ಆಗ “ನಾವು ಗೆದ್ದಿವಿ” ಎಂದರಂತೆ. ಈ “ನಾವು” ಎಂಬ ಮಾತಿನ ಮೇಲೆ ನನ್ನ ಕಣ್ಣು. ನಲವತ್ತು ವರ್ಷದ ಹಿಂದೆ ಎದುರಾಳಿಯ ನಕ್ಷೆಯಲ್ಲಿದ್ದ ಊರು ಅದು. ಏಕೀಕರಣದ ಹೋರಾಟಗಾರರು ಭಾಷಣ ಮಾಡಿದರು, ಲೇಖಕರು ಬರೆದರು, ಸರ್ಕಾರ ಹೆಸರು ಬದಲಿಸಿತು. ಇವೆಲ್ಲ ಪಾಠದ ಪುಸ್ತಕದಲ್ಲಿವೆ. ಬಳ್ಳಾರಿ ಸೀಮೆಯ ಒಬ್ಬ ರೈತ ಬೆಂಗಳೂರಿನ ಮೈದಾನವೊಂದರ ಗೆಲುವನ್ನು ತನ್ನದೆಂದದ್ದು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ರಾಜ್ಯ ಒಂದಾದದ್ದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ?

ಅದೇ ವರ್ಷ ನವೆಂಬರ್ 22ರಂದು ಕರ್ನಾಟಕದ ಮೊದಲ ಟೆಸ್ಟ್ ಶುರುವಾಯಿತು. ಎದುರಾಳಿ ವೆಸ್ಟ್ ಇಂಡೀಸ್. ಗ್ಯಾಲರಿಯ ಕೆಲಸ ಆಗಲೂ ಪೂರ್ತಿಯಾಗಿರಲಿಲ್ಲ. ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಇಬ್ಬರಿಗೂ ಅದು ಚೊಚ್ಚಲ ಟೆಸ್ಟ್. ಗ್ರೀನಿಜ್ 93 ಮತ್ತು 107 ಹೊಡೆದರು. ರಿಚರ್ಡ್ಸ್ ಎರಡೂ ಸಲ ನಮ್ಮ ಚಂದ್ರಶೇಖರ್‌ಗೆ ಅಗ್ಗವಾಗಿ ಸಿಕ್ಕರು. ನಾಯಕ ಲಾಯ್ಡ್ ಅವರ 163ರ ಮುಂದೆ ಭಾರತ ನಿಲ್ಲಲಿಲ್ಲ. ಪಟೌಡಿ, ಎಂಜಿನಿಯರ್ ಇಬ್ಬರೂ ಗಾಯಗೊಂಡು ಎರಡನೆಯ ಸರದಿಗೆ ಇಳಿಯಲಾಗದೆ, ತಂಡ 118ಕ್ಕೆ ಮುಗಿದು 267 ರನ್ನುಗಳಿಂದ ಸೋತಿತು. ಶೇಂಗಾ ಕೊಯ್ಲು ಮುಗಿಸಿಕೊಂಡವರು ರೇಡಿಯೋದ ಸುತ್ತ ಕೂತು ಕೇಳಿದರು. ಇಂಗ್ಲಿಷ್ ಬಾರದವರಿಗೆ ಬಂದವರು ಹೇಳುತ್ತಿದ್ದರು. ದಾರಿಹೋಕರು ನಿಂತು “ಎಷ್ಟಾತು?” ಎಂದು ಕೇಳಿ ಮುಂದೆ ಹೋಗುತ್ತಿದ್ದರು. ವೀಕ್ಷಕ ವಿವರಣೆಯಲ್ಲಿ ಚೆಂಡು ಎಲ್ಲಿ ಹೋಯಿತು ಎಂದು ಹೇಳುತ್ತಾರೆ, ಗ್ಯಾಲರಿಯ ಮೇಲೆ ಏನಿದೆ ಎಂದು ಹೇಳುವುದಿಲ್ಲ. ಹಾಗಾಗಿ ಕೇಳಿದ ಒಬ್ಬೊಬ್ಬರೂ ಆ ಮೈದಾನಕ್ಕೆ ತಮಗೆ ತಿಳಿದ ಸೂರನ್ನು ಹೊದಿಸಿಕೊಂಡರು. ದೊಡ್ಡಪ್ಪ ಕಡೆಯವರೆಗೂ ಅದಕ್ಕೆ ತಗಡಿನ ಸೂರಿದೆ ಎಂದೇ ಹೇಳುತ್ತಿದ್ದರು.

ಸೂರು ಬರುವ ಮೊದಲೇ ಆಟ ಶುರುಮಾಡುವುದು ನಮ್ಮ ಬಡತನದ ಲಕ್ಷಣವಲ್ಲ. ಕೆನಡಾದ ಮಾಂಟ್ರಿಯಲ್ ನಗರ 1976ರ ಒಲಿಂಪಿಕ್ಸಿಗಾಗಿ ಕಟ್ಟಿದ ಕ್ರೀಡಾಂಗಣಕ್ಕೆ ಎತ್ತರದ ಗೋಪುರವೊಂದರಿಂದ ಎತ್ತಿ ಇಳಿಸುವ ಬಟ್ಟೆಯ ಸೂರು ಇರಬೇಕಿತ್ತು. ಕ್ರೀಡಾಕೂಟ ಶುರುವಾದಾಗ ಗೋಪುರವೂ ಮುಗಿದಿರಲಿಲ್ಲ, ಸೂರೂ ಬಂದಿರಲಿಲ್ಲ. ಅದು ಬಂದದ್ದು 1987ರಲ್ಲಿ. ಬಂದಮೇಲೂ ಗಾಳಿಗೆ ಹರಿಯಿತು. ಬದಲಿಗೆ ಹಾಕಿದ್ದು 1999ರ ಜನವರಿಯಲ್ಲಿ ಹಿಮದ ಭಾರಕ್ಕೆ ಹರಿದು ಬಿತ್ತು. ಕಟ್ಟಡದ ಸಾಲ ತೀರಿದ್ದು 2006ರಲ್ಲಿ. ಅಲ್ಲಿಯ ಬೇಸ್‌ಬಾಲ್ ಅಭಿಮಾನಿಗಳು ಹನ್ನೊಂದು ವರ್ಷ ಒಂದು ಸೂರಿಗಾಗಿ ಕಾದರು, ಬೈದರು, ಲೆಕ್ಕ ಕೇಳಿದರು. ಲೆಕ್ಕ ಕೇಳುವ ಹಕ್ಕು ಅವರಿಗಿತ್ತು, ತೆರಿಗೆ ಅವರದು. ಉಜ್ಜಿನಿಯಲ್ಲಿ ಕೂತವನಿಗೆ ಕೇಳಲು ಲೆಕ್ಕವೂ ಇರಲಿಲ್ಲ, ಕಾಯಲು ಟಿಕೆಟ್ಟೂ ಇರಲಿಲ್ಲ. ಅವನಲ್ಲಿ ಇದ್ದದ್ದು ಅಕ್ಕರೆ ಮಾತ್ರ.

ಆಮೇಲೆ ಟೀವಿ ಬಂತು. ಕೇಳಿದ ಮೈದಾನವನ್ನು ಕಣ್ಣಿನಿಂದ ನೋಡುವಂತಾಯಿತು. 1987ರ ಮಾರ್ಚ್‌ನಲ್ಲಿ ಪಾಕಿಸ್ತಾನದ ವಿರುದ್ಧ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್‌ನಲ್ಲಿ ತಿರುಗುವ ಪಿಚ್ಚಿನ ಮೇಲೆ 96 ಹೊಡೆದು ಔಟಾದದ್ದು, ಭಾರತ 16 ರನ್ನಿನಿಂದ ಸೋತದ್ದು ಇಲ್ಲೇ. 1996ರ ವಿಶ್ವಕಪ್ಪಿಗೆ ದೀಪದ ಕಂಬಗಳು ಎದ್ದವು. ಮಾರ್ಚ್ 9ರಂದು ಆ ಬೆಳಕಿನಲ್ಲಿ ವೆಂಕಟೇಶ್ ಪ್ರಸಾದ್ ಅವರು ಆಮೀರ್ ಸೊಹೈಲ್ ಅವರ ಸ್ಟಂಪ್ ಎಗರಿಸಿದ್ದನ್ನು ನಮ್ಮೂರಿನಲ್ಲಿ ಟೀವಿ ಇದ್ದ ಮನೆಯ ಅಂಗಳಗಳಲ್ಲಿ ಕೂತು ನೋಡಿದೆವು. ಶ್ರೀನಾಥ್, ಪ್ರಸಾದ್, ಕುಂಬ್ಳೆ, ಮೂವರೂ ಕರ್ನಾಟಕದವರು. ಆಗಂತೂ “ನಾವು” ಎಂಬುದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಕೊನೆಗೆ ಸೂರಿನ ಸುದ್ದಿಯೂ ಬಂತು. 2015ರಲ್ಲಿ ಪೂರ್ವದ ಗ್ಯಾಲರಿಯ ಸೂರಿನ ಮೇಲೆ 400 ಕಿಲೋವ್ಯಾಟ್ ಸೌರವಿದ್ಯುತ್ ಫಲಕಗಳನ್ನು ಹೊದಿಸಿದರು. ನಮ್ಮ ಕಡೆ ಆ ಸುದ್ದಿಯನ್ನು ಬೇರೆ ಕಿವಿಯಿಂದ ಕೇಳಿದರು. ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿಗೆ ಕಾದು, ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿ ಪಂಪ್‌ಸೆಟ್ ಹಾಕುವ ರೈತನಿಗೆ, ಸೂರೇ ಕರೆಂಟು ಕೊಡುತ್ತದೆ ಎಂಬುದು ಯಾವ ಸಿಕ್ಸರಿಗಿಂತಲೂ ದೊಡ್ಡದು. ದೊಡ್ಡಪ್ಪ ಇದ್ದಿದ್ದರೆ ಅವರ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುತ್ತಿರಲಿಲ್ಲ.

ಚರಿತ್ರೆಯನ್ನು ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ನಿಲ್ಲಿಸಲು 2025 ಬಿಡುವುದಿಲ್ಲ. ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಹದಿನೆಂಟನೆಯ ಐಪಿಎಲ್‌ನಲ್ಲಿ ಮೊದಲ ಬಾರಿಗೆ ಕಪ್ ಗೆದ್ದಿತು. ಮರುದಿನ ಸಂಭ್ರಮಕ್ಕೆಂದು ಸುಮಾರು 35 ಸಾವಿರ ಜನ ಹಿಡಿಸುವ ಮೈದಾನದ ಸುತ್ತ ಲಕ್ಷಾಂತರ ಜನ ಸೇರಿದರು. ಗೇಟುಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಸತ್ತರು. ಬಹುತೇಕರು ಎಳೆಯ ವಯಸ್ಸಿನವರು. ಬೇರೆ ಜಿಲ್ಲೆಗಳ ಮೂಲದವರೂ ಅವರಲ್ಲಿದ್ದರು. ತನಿಖೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹ ಆಯೋಗ, ಈ ಕ್ರೀಡಾಂಗಣದ ವಿನ್ಯಾಸವೇ ದೊಡ್ಡ ಜನಸಂದಣಿಗೆ ತಕ್ಕದ್ದಲ್ಲ ಎಂದಿತು. ಸಾಲು ನಿಲ್ಲಲು ರಸ್ತೆಯಿಂದ ಬೇರೆಯಾದ ಜಾಗ, ಸಾಕಷ್ಟು ಬಾಗಿಲು ಇರುವ ಕಡೆಯೇ ಇಂಥವು ನಡೆಯಲಿ ಎಂದಿತು. ಆ ವರ್ಷದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬೈಗೆ ಹೋದವು.

ಆ ವರದಿಯ ಸುದ್ದಿ ಓದುವಾಗ ನನಗೆ ಹೊಳೆದದ್ದು ಸರಳ ಸಂಗತಿ. 1970ರಲ್ಲಿ ಒಂದು ನಗರದ ನೋಡುಗರಿಗೆಂದು ಗೆರೆ ಎಳೆದ ಕಟ್ಟಡ ಅದು. ಅಷ್ಟರಲ್ಲಿ ರೇಡಿಯೋ, ಟೀವಿ, ಫೋನು ಸೇರಿ ಇಡೀ ಕರ್ನಾಟಕವನ್ನು ಅದರ ನೋಡುಗರನ್ನಾಗಿ ಮಾಡಿದ್ದವು. ಗ್ಯಾಲರಿಗೆ ಸೂರು ಬಂತು, ದೀಪ ಬಂತು, ಸೌರಫಲಕ ಬಂತು. ದೂರದಿಂದ ಬರುವವನು ನಿಲ್ಲಲು ಗೇಟಿನ ಹೊರಗೆ ಒಂದು ಅಂಗಳ ಬರಲಿಲ್ಲ. ಅವನು ಎಂದಾದರೂ ಬಂದೇ ಬರುತ್ತಾನೆ ಎಂದು ನಕ್ಷೆಯಲ್ಲಿ ಯಾರೂ ಎಣಿಸಿರಲಿಲ್ಲ.

ಉಜ್ಜಿನಿಯ ಶಿಖರವನ್ನು ಕಟ್ಟಿದವರಿಗೆ ಜನ ಬರುತ್ತಾರೆಂದು ಗೊತ್ತಿತ್ತು. ಜಾತ್ರೆಗೆ ಬಯಲು ಬಿಟ್ಟರು. ಸೂರನ್ನು ಒಳಗಿನಿಂದ ನೋಡಲು ಕೆತ್ತನೆ, ಹೊರಗಿನಿಂದ ನೋಡಲು ಎಣ್ಣೆಯ ಹಬ್ಬ. ಎಣ್ಣೆ ತಂದವನಿಗೂ ಬರಿಗೈಲಿ ಬಂದವನಿಗೂ ನಿಂತು ನೋಡಲು ಜಾಗವಿದೆ. ಚಿನ್ನಸ್ವಾಮಿ ಕ್ರೀಡಾಂಗಣವನ್ನು ಮತ್ತೆ ಸರಿಪಡಿಸುವ, ಊರಾಚೆ ಹೊಸದನ್ನು ಕಟ್ಟುವ ಮಾತು ಈಗ ನಡೆದಿದೆ. ನಕ್ಷೆ ಬರೆಯುವವರು ಕುರ್ಚಿ, ಸೂರುಗಳನ್ನು ಎಣಿಸುವಾಗ, ಕೂಡ್ಲಿಗಿಯಿಂದಲೋ ಹಡಗಲಿಯಿಂದಲೋ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಟಿಕೆಟ್ಟಿಲ್ಲದಿದ್ದರೂ ಗೇಟಿನವರೆಗೆ ನಡೆದು ಬರುವವನನ್ನೂ ಒಬ್ಬನೆಂದು ಎಣಿಸಲಿ.